ಗಾಜಿನ ಎದುರು ತುದಿ

ಎವರಿಸ್ತೊನ ಕೈಯಿಂದ ಸೂಪಿನ ಬಟ್ಟಲು ಜಾರಿ ಬಿದ್ದದ್ದು ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ, ಮನೆಯವರೆಲ್ಲ ಮೇಜಿನ ಸುತ್ತ ಕೂತಿದ್ದಾಗ. ಕೇಲ್ ಸೊಪ್ಪು, ಆಲೂಗಡ್ಡೆ, ಸಾಸೇಜಿನ ಚೂರುಗಳೆಲ್ಲ ಅಡುಗೆಮನೆಯ ನೆಲದ ಮೇಲೆ ಹರಡಿಕೊಂಡವು.

"ಎಣ್ಣೆ ಕೈ," ಅಂದ ಅವನು, ಯಾರೂ ಕೇಳುವ ಮೊದಲೇ.

ಅವನ ತಾಯಿ ಒಲಿಂಪಿಯಳಿಗೆ ವಯಸ್ಸು ಎಂಬತ್ತು ದಾಟಿತ್ತು. ಕಿವಿ ಮಂದವಾಗಿದ್ದರೂ ನಾಲಿಗೆ ಮಂದವಾಗಿರಲಿಲ್ಲ. "ನಿನ್ನ ಹೆಂಡ್ತಿ ತವರಿಂದ ತಂದ ಬಟ್ಟಲು ಇನ್ನೆಷ್ಟು ಉಳಿದಿವೆಯಪ್ಪಾ? ಅವನ್ನೂ ಮುಗಿಸಿಬಿಡು. ಆಮೇಲೆ ಎಲ್ಲರೂ ಪಾತ್ರೆ ಸುತ್ತ ಕೂತು ಒಟ್ಟಿಗೇ ಉಣ್ಣೋಣ."

ಮಗಳು ಡೆಲ್ಫಿನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎವರಿಸ್ತೊನೂ ನಕ್ಕ. ಹೆಂಡತಿ ಲುಸೀಲಿಯ ಮಾತ್ರ ನಗದೆ ಒರೆಸುವ ಬಟ್ಟೆ ತಂದು ಮೊಣಕಾಲೂರಿ ಕೂತಳು. ಎವರಿಸ್ತೊನ ಬಲಗೈ ಮೇಜಿನ ಕೆಳಗೆ ತೊಡೆಯ ಮೇಲಿತ್ತು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು. ಅವನ್ನು ಅವನು ಮಡಿಸುತ್ತಿದ್ದ, ಬಿಡಿಸುತ್ತಿದ್ದ, ತನ್ನದಲ್ಲದ ಕೈಯನ್ನು ಎಬ್ಬಿಸುವವನ ಹಾಗೆ. ನೆಲದ ಮೇಲೆ ಕೂತಿದ್ದರಿಂದ ಅದು ಅವಳೊಬ್ಬಳಿಗೇ ಕಂಡಿತು.

ಅವಳಿಗೆ ಅದು ಹೊಸದೇನೂ ಅಲ್ಲ. ಈಸ್ಟರ್ ಹಬ್ಬದ ಬೆಳಿಗ್ಗೆ ಚರ್ಚಿಗೆ ಹೊರಟಾಗ ಅವನು ಅಂಗಿಯ ಗುಂಡಿ ಹಾಕಲಾರದೆ ಮಂಚದ ತುದಿಯಲ್ಲಿ ಕೂತಿದ್ದ. ಅವಳು ಬಂದು ಹಾಕಿದಳು. ಅಂದೇ ಅವನು ಹೇಳಿದ್ದು: "ಬೆರಳುಗಳು ನಿದ್ದೆ ಹೋಗ್ತವೆ ಕಣೇ. ಸೂಜಿ ಚುಚ್ಚಿದ ಹಾಗಾಗುತ್ತೆ, ಆಮೇಲೆ ಏನೂ ಗೊತ್ತಾಗಲ್ಲ. ಸ್ವಲ್ಪ ಹೊತ್ತು ಜಾಡಿಸಿದರೆ ಸರಿಹೋಗುತ್ತೆ."

"ಡಾಕ್ಟರಿಗೆ ತೋರಿಸು."

"ತೋರಿಸಿದರೆ ಕೆಲಸ ಬಿಡು ಅಂತಾನೆ. ನೀನು ಡೆಲ್ಫಿಗೆ ಹೇಳಬೇಡ. ಮಾತು ಕೊಡು."

ಅವಳು ಮಾತು ಕೊಟ್ಟಿದ್ದಳು.

ಗಾಜು ಕೂರಿಸುವುದು ಎವರಿಸ್ತೊನ ಕಸುಬು. ಹುಟ್ಟಿದ ಸಾಂವ್ ಮಿಗೆಲ್ ದ್ವೀಪದಿಂದ ಟೊರಾಂಟೊಗೆ ಬಂದಾಗ ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅಂದಿನಿಂದ ಅಂಗಡಿ, ಬ್ಯಾಂಕು, ಆಸ್ಪತ್ರೆ, ಆಫೀಸು ಕಟ್ಟಡ ಅಂತ ಊರ ತುಂಬ ಅವನು ಕೂರಿಸಿದ ಗಾಜುಗಳೇ. ಡೆಲ್ಫಿನ ಕಾಲೇಜು ಬಿಟ್ಟು ತಾನೂ ಅದೇ ಕೆಲಸಕ್ಕೆ ಬರುತ್ತೇನೆಂದಾಗ ಮನೆಯಲ್ಲಿ ದೊಡ್ಡ ಜಗಳವೇ ಆಗಿತ್ತು. "ಹೆಣ್ಣುಮಗಳು ಗಾಜು ಹೊರೋದೇ?" ಎಂದು ಒಲಿಂಪಿಯ ಎದೆ ಬಡಿದುಕೊಂಡಿದ್ದಳು. ಎವರಿಸ್ತೊ ಒಂದು ತಿಂಗಳು ಮುಖ ಊದಿಸಿಕೊಂಡಿದ್ದು, ಕೊನೆಗೆ ತನ್ನ ಹಳೆಯ ಕೈಗವಸು ತಂದು ಅವಳ ಮುಂದೆ ಇಟ್ಟಿದ್ದ. ಈಗ ಅವಳಿಗೆ ಮೂವತ್ತಮೂರು, ಕಂಪನಿಯಲ್ಲಿ ಮೇಸ್ತ್ರಿ. ಅಪ್ಪ ಅವಳ ತಂಡದಲ್ಲೇ ಆಳು.

"ಇವತ್ತು ಕನ್ನಡಕ ಹಾಕಿಲ್ಲ ಅಂತ ಎಲ್ಲರೆದುರಿಗೂ ಬೈದಳು," ಎಂದು ಅವನು ರಾತ್ರಿ ಊಟಕ್ಕೆ ಕೂತಾಗ ದೂರು ಹೇಳುತ್ತಿದ್ದ.

"ಹಾಕಿಕೊಂಡಿದ್ರೆ ಯಾಕೆ ಬೈತಿದ್ದೆ?" ಎಂದು ಡೆಲ್ಫಿನ ಬ್ರೆಡ್ ಮುರಿಯುತ್ತಿದ್ದಳು. "ನಾಳೆ ಹೆಲ್ಮೆಟ್ ಪಟ್ಟಿ ಬಿಗಿ ಮಾಡಿಕೊಳ್ಳದಿದ್ರೆ ಮತ್ತೆ ಬೈತೀನಿ. ಅಮ್ಮಾ, ಉಪ್ಪು ಕೊಡು."

ದೂರು ಹೇಳುವಾಗಲೂ ಅವನ ದನಿಯಲ್ಲಿ ಎಂಥ ಹೆಮ್ಮೆ ಇರುತ್ತಿತ್ತೆಂದು ಲುಸೀಲಿಯಳಿಗೆ ಗೊತ್ತಿತ್ತು.

ಬಟ್ಟಲು ಒಡೆದ ವಾರವೇ ಅವರಿಗೆ ಹೊಸ ಕೆಲಸ ಶುರುವಾಯಿತು. ಪೇಟೆಯ ಹಳೆಯ ಆಫೀಸು ಕಟ್ಟಡವೊಂದರ ಕೆಳಮಹಡಿಗೆ ಸುತ್ತ ಹಾಕಿದ್ದ ದೊಡ್ಡ ಗಾಜುಗಳು. ಎರಡು ಪದರದ ನಡುವೆ ತೇವ ಸೇರಿ ಮಂಜು ಕಟ್ಟಿದ್ದವು. ಎಲ್ಲವನ್ನೂ ತೆಗೆದು ಹೊಸತು ಕೂರಿಸಬೇಕಿತ್ತು. ಡೆಲ್ಫಿನ ಊಟದ ಮೇಜಿನ ಮೇಲೆ ಚಮಚ, ಫೋರ್ಕು ಜೋಡಿಸಿ ಅಜ್ಜಿಗೆ ವಿವರಿಸಿದಳು.

"ಮೇಲೆ ಚಾವಣಿ ಮುಂದಕ್ಕೆ ಚಾಚಿದೆ ಅಜ್ಜಿ, ಅದಕ್ಕೇ ಕ್ರೇನು ಒಳಗೆ ಬರಲ್ಲ. ಕೈಲೇ ಎತ್ತಬೇಕು. ಗಾಜಿಗೆ ಕಚ್ಚಿಕೊಳ್ಳೋ ರಬ್ಬರ್ ಹಿಡಿಕೆ ಇರ್ತಾವಲ್ಲ, ಅವನ್ನ ಒತ್ತಿ ಕೂರಿಸಿ, ನಾಲ್ಕು ಜನ ಹಿಡೀತೀವಿ. ನಾಳೆ ತೆಗೆಯೋದು ಮಾತ್ರ ತಲೆನೋವಿನದ್ದು. ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿದೆ."

"ಬಿರುಕು ಬಿಟ್ಟಿದ್ದನ್ನ ಹೇಗೆ ಹೊರ್ತೀರೇ?"

"ಮೈತುಂಬ ಟೇಪ್ ಮೆತ್ತಿ, ಚೌಕಟ್ಟಿನಿಂದ ಮೆಲ್ಲಗೆ ಬಿಡಿಸಬೇಕು. ಒಂದು ತುದಿ ಜಗ್ಗಿದರೂ ಮುಗೀತು, ಎರಡಾಗಿ ಮೇಲಿನ ಅರ್ಧ ಕೆಳಗೆ ಬರುತ್ತೆ. ಅದಕ್ಕೇ ಬೇರೆಯವರಿಗೆ ಕೊಡಲ್ಲ. ಒಂದು ತುದಿ ನಾನು ಹಿಡೀತೀನಿ, ಎದುರು ತುದಿ ಅಪ್ಪ."

ಎವರಿಸ್ತೊ ಎಡಗೈಯಲ್ಲಿ ಫೋರ್ಕು ಹಿಡಿದು ಮೀನು ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ.

ಲುಸೀಲಿಯ ಅರ್ಧಕ್ಕೇ ತಟ್ಟೆ ಎತ್ತಿಕೊಂಡು ಎದ್ದಳು. ಪಾತ್ರೆ ತೊಳೆಯುವಾಗ ಅವನು ಒರೆಸಲು ಪಕ್ಕಕ್ಕೆ ಬಂದು ನಿಂತ. ಅವಳು ನಲ್ಲಿಯನ್ನು ಜೋರಾಗಿ ಬಿಟ್ಟು ಪಿಸುಗುಟ್ಟಿದಳು: "ನಾಳೆ ರಜ ಹಾಕು. ಬೆನ್ನುನೋವು ಅಂತ ಹೇಳು, ಜ್ವರ ಅಂತ ಹೇಳು."

"ನಾನು ಎಡಗೈ ಮೇಲೆ ಭಾರ ಹಾಕ್ಕೊಳ್ತೀನಿ. ಇಷ್ಟು ದಿನ ಹಾಗೇ ಮಾಡಿದ್ದು. ಏನಾಯ್ತು? ಏನೂ ಆಗಲಿಲ್ಲ."

"ಎವರಿಸ್ತೊ, ಆ ಕಡೆ ಇರೋಳು ನಮ್ಮ ಮಗಳು."

"ಗೊತ್ತು," ಅಂದ. "ಅದಕ್ಕೇ ಹೋಗ್ತಿರೋದು."

ಅವನ ಮಾತು ಆಗ ಅವಳಿಗೆ ಅರ್ಥವಾಗಲಿಲ್ಲ. ಬರಿಯ ಹಟ ಅಂದುಕೊಂಡಳು.

ಬೆಳಿಗ್ಗೆ ಅವನು ಮನೆಯ ಮುಂದೆ ಟ್ರಕ್ಕಿಗೆ ಸಾಮಾನು ತುಂಬುತ್ತಿದ್ದಾಗ ಡೆಲ್ಫಿನ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದಳು. ಲುಸೀಲಿಯ ಎರಡು ಊಟದ ಡಬ್ಬಿ ಹಿಡಿದು ಬಂದವಳು ಅವನ್ನು ಕೊಡದೆ ಹಾಗೇ ನಿಂತಳು.

"ಏನಮ್ಮಾ?"

"ನಿಮ್ಮಪ್ಪನ ಬಲಗೈ ಸರಿಯಿಲ್ಲ. ಬೆರಳಿಗೆ ಸ್ಪರ್ಶ ಗೊತ್ತಾಗಲ್ಲ. ಹಿಡಿತ ಇಲ್ಲ."

ಡೆಲ್ಫಿನ ದಾರವನ್ನು ಬಿಟ್ಟಳು. "ಯಾವಾಗಿಂದ?"

"ಈಸ್ಟರ್‌ನಿಂದ."

"ಈಸ್ಟರ್‌ನಿಂದಲಾ? ಬೇಸಿಗೆ ಪೂರ್ತಿ ನಾವಿಬ್ಬರೂ ಗಾಜು ಎತ್ತಿದೀವಿ ಅಮ್ಮಾ! ಆಸ್ಪತ್ರೆ ಕೆಲಸದಲ್ಲಿ ನಮ್ಮ ಕೆಳಗೆ ಜನ ಓಡಾಡ್ತಿದ್ರು. ನೀನು ದಿನಾ ನಮ್ಮಿಬ್ಬರಿಗೂ ಡಬ್ಬಿ ಕಟ್ಟಿಕೊಟ್ಟು ಕಳಿಸ್ತಿದ್ದೆ, ಗೊತ್ತಿದ್ದೂ?"

"ಮಾತು ಕೊಟ್ಟಿದ್ದೆ ಕಣಮ್ಮ."

"ನನಗೆ ಯಾರು ಮಾತು ಕೊಟ್ಟಿದ್ರು?" ಅವಳು ಡಬ್ಬಿಗಳನ್ನು ಕಿತ್ತುಕೊಂಡು ಹೊರಟಳು. ಬೂಟಿನ ದಾರ ಇನ್ನೂ ಬಿಚ್ಚಿತ್ತು.

ಲುಸೀಲಿಯ ಬೆಳಗಿನ ಹೊತ್ತು ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಸ ಗುಡಿಸಿ ಒರೆಸುವ ಕೆಲಸ ಮಾಡುತ್ತಿದ್ದಳು. ಅಂದು ಒರೆಸಿದ ಕಡೆಯೇ ಮತ್ತೆ ಒರೆಸಿದಳು. ಮನೆಗೆ ಬಂದಾಗ ಎವರಿಸ್ತೊ ಅಡುಗೆಮನೆಯಲ್ಲಿ ಕೂತಿದ್ದ. ಟ್ರಾಮ್ ಹಿಡಿದು ಬಂದಿದ್ದನಂತೆ. ಕೆಲಸದ ಬೂಟು ಕಾಲಲ್ಲೇ ಇತ್ತು. ಮುಂದೆ ಊಟದ ಡಬ್ಬಿ, ತೆರೆದಿರಲಿಲ್ಲ.

"ಯಾರು ಹೇಳಿದ್ದು?" ಅಂದ.

"ನಾನೇ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಮೂಲೆಯಲ್ಲಿ ನಿಂತು ರಬ್ಬರ್ ಪಟ್ಟಿ ಕತ್ತರಿಸಿ ಅಂದಳು. ನಾನು ನಕ್ಕು ಗಾಜಿನ ಹತ್ತಿರ ಹೋದೆ. ಆಗ ಎಲ್ಲರ ಮುಂದೆ ಬೆರಳು ಚಾಚಿ, 'ಹಿಡೀರಿ ಅಪ್ಪಾ, ಗಟ್ಟಿಯಾಗಿ ಹಿಡೀರಿ' ಅಂದಳು. ಹಿಡಿದೆ. ಅವಳು ಸುಮ್ಮನೆ ಎಳೆದರೆ ಜಾರಿಹೋಯ್ತು. ಆಳುಗಳೆಲ್ಲ ಬೇರೆ ಕಡೆ ನೋಡಿದರು. ಆ ಕೊಜೊ ಇದ್ದಾನಲ್ಲ, ನಾನೇ ಕೆಲಸ ಕಲಿಸಿದ ಹುಡುಗ, ಅವನೂ."

ಅಷ್ಟು ಹೇಳಿ ಡಬ್ಬಿ ಎತ್ತಿಕೊಂಡು ಎದ್ದು ಕೆಳಗೆ ಹೋದ.

ಆ ಬೀದಿಯ ಎಲ್ಲ ಮನೆಗಳ ಹಾಗೆ ಅವರ ಮನೆಗೂ ನೆಲಮಾಳಿಗೆಯಲ್ಲಿ ಇನ್ನೊಂದು ಅಡುಗೆಮನೆ ಇತ್ತು. ಮೀನು ಕರಿಯುವುದು, ಹಬ್ಬದ ಅಡುಗೆ ಎಲ್ಲ ಅಲ್ಲೇ. ಪಕ್ಕದ ಕೋಣೆ ಒಲಿಂಪಿಯಳದು. ಅಂದಿನಿಂದ ಎವರಿಸ್ತೊನ ಊಟ ತಿಂಡಿ ಅಲ್ಲಿಗೆ ಇಳಿಯಿತು. ಮೇಲೆ ತಾಯಿ ಮಗಳು, ಕೆಳಗೆ ತಾಯಿ ಮಗ.

"ಏನೋ ಈ ವಯಸ್ಸಲ್ಲಿ ಮತ್ತೆ ನನ್ನ ಸೆರಗು ಹಿಡಿದಿದೀಯ?" ಎಂದು ಒಲಿಂಪಿಯ ರೇಗಿಸಿದಳು. ಆಮೇಲೆ ಅವನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದಳು.

ಮೇಲೆ ಲುಸೀಲಿಯಳೇ ಬಡಿಸುತ್ತಿದ್ದಳು. ಡೆಲ್ಫಿನ ಕೆಲಸದಿಂದ ಬಂದು ಸ್ನಾನ ಮಾಡಿ, ಊಟ ಮುಗಿಸಿ, ತಟ್ಟೆ ತೊಳೆದಿಟ್ಟು ಮಹಡಿ ಹತ್ತುತ್ತಿದ್ದಳು.

"ಇನ್ನೊಂಚೂರು ಹಾಕಲಾ?"

"ಸಾಕು."

"ಆ ಬಿರುಕಿನ ಗಾಜು?"

"ತೆಗೆದೆವು. ಕೊಜೊ ಹಿಡಿದ."

ಒಂದು ಸಂಜೆ ಒಲಿಂಪಿಯ ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದಳು. ಬಂದವಳೇ ಸೊಸೆಯ ಎದುರಿನ ಕುರ್ಚಿಯಲ್ಲಿ ಧೊಪ್ಪನೆ ಕೂತಳು. "ಎರಡು ಒಲೆ ಉರಿಸೋಕೆ ಇದೇನು ಹೋಟೆಲ್ಲಾ? ಅವನು ಕೆಳಗೆ ಗೋಡೆ ನೋಡ್ಕೊಂಡು ಕೂತಿರ್ತಾನೆ. ನೀನು ಮೇಲೆ ನಲ್ಲಿ ನೋಡ್ಕೊಂಡು ನಿಂತಿರ್ತೀಯ. ನಾನು ಯಾರ ಹತ್ತಿರ ಜಗಳ ಆಡಲಿ?"

"ನಾನು ಹೇಳಿದ್ದು ತಪ್ಪಾ ಅತ್ತೆ?"

ಮುದುಕಿ ಕಿವಿಗೆ ಕೈ ಹಚ್ಚಿದಳು. ಲುಸೀಲಿಯ ಮತ್ತೆ ಕೇಳಿದಳು, ಜೋರಾಗಿ.

"ತಪ್ಪಲ್ಲ. ತಡ ಮಾಡಿದೆ," ಅಂದಳು ಒಲಿಂಪಿಯ. "ನಾನೂ ನೋಡಿದ್ದೆ ಅವನ ಕೈನ. ನನಗೇನು ಕಣ್ಣು ಹೋಗಿದೆಯಾ? ನೀನು ಹೇಳ್ತೀಯ ಅಂತ ನಾನು, ಅವನಿಗೆ ಮಾತು ಕೊಟ್ಟಿದೀನಿ ಅಂತ ನೀನು. ಹೀಗೇ ಬಾಯಿ ಮುಚ್ಕೊಂಡು ಕೂತ್ವಿ."

ಆ ರಾತ್ರಿ ಊಟಕ್ಕೆ ಕೂತಾಗ ಲುಸೀಲಿಯ ಮಗಳಿಗೆ ಹೇಳಿದಳು: "ನಾನು ನಿನಗೆ ಮೊದಲೇ ಹೇಳಬೇಕಿತ್ತು. ನಿನ್ನ ಜೀವಕ್ಕಿಂತ ನನ್ನ ಮಾತು ದೊಡ್ಡದಾಯ್ತು. ಅದು ತಪ್ಪು." ಡೆಲ್ಫಿನ ತಾಯಿಯ ಕಡೆಗೆ ಬ್ರೆಡ್ಡಿನ ಬುಟ್ಟಿ ಸರಿಸಿದಳು. "ನೀನು ಏನೂ ತಿಂದೇ ಇಲ್ಲ. ತಿನ್ನು," ಅಂದಳು.

ಅಕ್ಟೋಬರ್ ಬಂತು. ಪ್ರತಿವರ್ಷದಂತೆ ವೈನಿಗೆ ದ್ರಾಕ್ಷಿ ಪೆಟ್ಟಿಗೆಗಳು ಬಂದು ಗ್ಯಾರೇಜಿನಲ್ಲಿ ಕೂತವು. ಶನಿವಾರ ಎವರಿಸ್ತೊ ಯಾರನ್ನೂ ಕರೆಯದೆ ಒಬ್ಬನೇ ಅರೆಯುವ ಯಂತ್ರದ ಹಿಡಿ ತಿರುಗಿಸಲು ಹೋದ. ಎಡಗೈಯಲ್ಲಿ ತಿರುಗಿಸಿದರೆ ಯಂತ್ರವೇ ಅಲುಗಾಡುತ್ತಿತ್ತು; ಬಲಗೈ ಸೇರಿಸಿದರೆ ಅದು ಜಾರುತ್ತಿತ್ತು. ಲುಸೀಲಿಯ ದ್ರಾಕ್ಷಿಯ ತೊಟ್ಟು ಬಿಡಿಸುತ್ತ ಮೂಲೆಯಲ್ಲಿ ಕೂತಿದ್ದಳು. ಸಹಾಯಕ್ಕೆ ಏಳುವ ಧೈರ್ಯವಾಗಲಿಲ್ಲ. ಡೆಲ್ಫಿನ ಬಂದು ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬಂದು ಹಿಡಿಗೆ ಕೈ ಹಾಕಿದಳು.

"ಬಿಡು. ಇದು ನನ್ನ ಗ್ಯಾರೇಜು. ಇಲ್ಲಿ ನೀನು ಮೇಸ್ತ್ರಿ ಅಲ್ಲ."

"ದ್ರಾಕ್ಷಿ ಕೊಳೀತಾವೆ ಅಪ್ಪಾ."

"ಕೊಳೀಲಿ. ಹತ್ತು ಜನರ ಮುಂದೆ ನನ್ನ ಕೈ ಪರೀಕ್ಷೆ ಮಾಡಿದೆಯಲ್ಲ! ಕಿವೀಲಿ ಹೇಳೋಕೆ ಬಾಯಿರಲಿಲ್ವಾ?"

"ಕಿವೀಲೇ ಹೇಳಿದೆ. ನೀವು ನಕ್ಕು ಗಾಜಿನ ಹತ್ತಿರ ಹೋದ್ರಿ. ನಾನೇನು ಮಾಡ್ಬೇಕಿತ್ತು?"

"ನಿಮ್ಮಪ್ಪನ ಮಾನ ಉಳಿಸಬೇಕಿತ್ತು."

"ಗಾಜು ಎರಡಾಗಿದ್ರೆ ಮೇಲಿನ ಅರ್ಧ ಯಾರ ಕಡೆ ವಾಲ್ತಿತ್ತು ಗೊತ್ತಾ?" ಡೆಲ್ಫಿನಳ ದನಿ ಏರಿತು. "ನನ್ನ ಕಡೆ ಅಲ್ಲ, ನಿಮ್ಮ ಕಡೆ! ಬಿರುಕು ಹೇಗಿತ್ತು ಅಂತ ನೀವೂ ನೋಡಿದ್ರಿ. ಅದು ನಿಮ್ಮ ಕುತ್ತಿಗೆ ಮೇಲೆ ಬರ್ತಿತ್ತು. ಆ ಕಡೆ ಹಿಡಿದುಕೊಂಡು ನಾನು ನೋಡ್ತಾ ನಿಂತಿರಬೇಕಿತ್ತಾ? ಗಾಜು ಬಿಟ್ಟು ಓಡಿಬರೋ ಹಾಗೂ ಇರಲಿಲ್ಲ ನಾನು." ಅವಳು ದ್ರಾಕ್ಷಿ ರಸದ ಕೈಯಲ್ಲೇ ಮುಖ ಒರೆಸಿಕೊಂಡಳು. ಕೆನ್ನೆಯೆಲ್ಲ ನೇರಳೆಯಾಯಿತು.

ಎವರಿಸ್ತೊ ಖಾಲಿ ಪೆಟ್ಟಿಗೆಯ ಮೇಲೆ ಕೂತ.

"ನಾನು ಯಾಕೆ ಬಿಡಲಿಲ್ಲ ಗೊತ್ತಾ ನಿನಗೆ?" ಅಂದ. "ಹಟ ಅಂತೀರಿ ನೀವೆಲ್ಲ. ಇರಬಹುದು. ಆದರೆ ನಾನು ಬಿಟ್ಟರೆ ಎದುರು ತುದಿಗೆ ಇನ್ಯಾರೋ ಬರ್ತಾನೆ. ಅವನ ಕಣ್ಣು ಫೋನಿನ ಮೇಲಿರುತ್ತೋ, ಬೀದೀಲಿ ಹೋಗೋರ ಮೇಲಿರುತ್ತೋ. ನೀನು ಈ ಕಡೆ. ನನ್ನ ಮಗಳು ಹಿಡಿದಿರೋ ಗಾಜನ್ನ ಇನ್ನೊಬ್ಬನ ಕೈಗೆ ಹೇಗೆ ಕೊಡಲಿ ಅಂತ... ಪ್ರತಿ ಸಲ ಎತ್ತುವಾಗಲೂ ಮಾತೆ ಮರಿಯಳಿಗೆ ಬೇಡಿಕೊಳ್ತಿದ್ದೆ, ಈ ಒಂದನ್ನ ದಾಟಿಸಿಬಿಡು ತಾಯಿ ಅಂತ." ತನ್ನ ಕೈಯನ್ನು ಅವನು ದ್ವೇಷದಿಂದ ನೋಡಿದ. "ಅಪಾಯ ಇದ್ದದ್ದೇ ಈ ಕೈಯಲ್ಲಿ. ಅದನ್ನ ಒಪ್ಪಿಕೊಳ್ಳೋಕೆ ಆಗಲಿಲ್ಲ."

ಲುಸೀಲಿಯಳ ಮಡಿಲಿನಿಂದ ದ್ರಾಕ್ಷಿ ಗೊಂಚಲು ಉರುಳಿಬಿತ್ತು. ನಲ್ಲಿಯ ಬಳಿ ಅವನಂದ ಮಾತು ಅವಳಿಗೆ ಈಗ ಅರ್ಥವಾಯಿತು.

ಡೆಲ್ಫಿನ ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತಗೊಂಡಳು. "ಎಲ್ಲರ ಮುಂದೆ ಹಾಗೆ ಮಾಡಬಾರದಿತ್ತು ನಾನು. ಹೆದರಿಬಿಟ್ಟಿದ್ದೆ ಅಪ್ಪಾ."

"ನಿನ್ನ ಮುಖ ನೋಡು," ಅಂದ ಎವರಿಸ್ತೊ. "ಮದುವೆ ಗಂಡು ಬಂದಿದ್ರೆ ಓಡಿಹೋಗ್ತಿದ್ದ."

"ಎಲ್ಲಿ ಗಂಡು?" ಎಂದು ಬಾಗಿಲ ಬಳಿ ಒಲಿಂಪಿಯಳ ದನಿ ಕೇಳಿತು. ಬೇರೇನೂ ಕೇಳಿಸಿರದಿದ್ದರೂ ಅದೊಂದು ಪದ ಅವಳ ಕಿವಿಗೆ ಬಿದ್ದಿತ್ತು. ಮೂವರೂ ನಕ್ಕರು. ನಗುತ್ತ ನಗುತ್ತ ಲುಸೀಲಿಯ ಅತ್ತುಬಿಟ್ಟಳು. ಆಮೇಲೆ ಡೆಲ್ಫಿನ ಹಿಡಿ ತಿರುಗಿಸಿದಳು, ಎವರಿಸ್ತೊ ಎಡಗೈಯಿಂದ ಗೊಂಚಲು ಹಾಕಿದ. ಸಂಜೆಯೊಳಗೆ ಪೆಟ್ಟಿಗೆಗಳೆಲ್ಲ ಖಾಲಿಯಾದವು.

ಡಾಕ್ಟರು ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ ಎಂದರು. ಕೊಯ್ದು ಸಡಿಲ ಮಾಡಿದರೆ ಸ್ಪರ್ಶ ಬರಬಹುದು, ಗುಂಡಿ ಹಾಕಬಹುದು, ಬಟ್ಟಲು ಹಿಡಿಯಬಹುದು. ಭಾರ ಎತ್ತುವ ಹಿಡಿತ ಮಾತ್ರ ಮೊದಲಿನಂತೆ ಬರಲಾರದು, ತುಂಬ ತಡವಾಗಿದೆ. ಎವರಿಸ್ತೊ ಕೇಳಿಸಿಕೊಂಡು ತಲೆ ಆಡಿಸಿದ. ಹೊರಗೆ ಬಂದ ಮೇಲೆ ಆಸ್ಪತ್ರೆಯ ಮುಂಬಾಗಿಲ ಗಾಜಿನ ಅಂಚನ್ನು ಬೆರಳಿನಿಂದ ತಡವಿ, "ಇದನ್ನ ಯಾರೋ ಚೆನ್ನಾಗಿ ಕೂರಿಸಿದಾರೆ," ಅಂದ. ಲುಸೀಲಿಯ ಅವನ ತೋಳು ಹಿಡಿದುಕೊಂಡಳು.

ಶಸ್ತ್ರಚಿಕಿತ್ಸೆಯಾಯಿತು. ಕೈಗೆ ದಪ್ಪನೆ ಬ್ಯಾಂಡೇಜು. ಕೆಳಗಿನ ಅಡುಗೆಮನೆಯ ಒಲೆ ಆರಿ, ಊಟ ಮತ್ತೆ ಮೇಲಕ್ಕೆ ಬಂತು. ಡೆಲ್ಫಿನ ಅಪ್ಪನ ತಟ್ಟೆಯ ಒಣಮೀನನ್ನು ಮುಳ್ಳು ಬಿಡಿಸಿ ಚೂರು ಮಾಡಿ ಆಲಿವ್ ಎಣ್ಣೆ ಸುರಿದು ಕೊಡುತ್ತಿದ್ದಳು.

"ಇಷ್ಟು ಸಣ್ಣ ಮಾಡಬೇಡ. ನನಗೆ ಹಲ್ಲಿವೆ."

"ಸುಮ್ಮನೆ ತಿನ್ನಿ. ಮೇಸ್ತ್ರಿ ಹತ್ತಿರ ವಾದ ಮಾಡಬೇಡಿ."

"ನೋಡಮ್ಮ, ಮನೇಲೂ ಶುರುವಾಯ್ತು," ಎಂದು ಅವನು ತಾಯಿಗೆ ದೂರಿದ. ಆ ಹಳೆಯ ದನಿ ಕೇಳಿ ಲುಸೀಲಿಯ ಒಲೆಯ ಕಡೆ ತಿರುಗಿ ನಿಂತಳು. ಏನೋ ಕದಡುವ ನೆಪ.

ಭಾನುವಾರ ಚರ್ಚಿಗೆ ಹೋಗುವ ಮೊದಲು ಅವಳು ಅವನನ್ನು ಕಿಟಕಿಯ ಪಕ್ಕ ಕೂರಿಸಿ ಗಡ್ಡ ಹೆರೆದಳು. ಸೋಪಿನ ನೊರೆ ಅವನ ಮೂಗಿಗೂ ಹತ್ತಿತ್ತು.

"ನಿನ್ನ ಮೇಲೆ ಸಿಟ್ಟಿತ್ತು," ಅಂದ, ಕಣ್ಣು ಮುಚ್ಚಿಕೊಂಡೇ.

"ಗೊತ್ತು. ಬಾಯಿ ಅಲ್ಲಾಡಿಸಬೇಡ, ಕೊಯ್ದುಹೋಗುತ್ತೆ."

"ನೀನು ಮಾತು ಮುರಿದೆ ಅಂತ ಸಿಟ್ಟು. ಕೆಳಗೆ ಕೂತು ಯೋಚನೆ ಮಾಡಿದೆ. ಅಂಥ ಮಾತನ್ನ ನಾನು ನಿನ್ನ ಹತ್ತಿರ ತಗೊಳ್ಳಬಾರದಿತ್ತು. ಬೇಸಿಗೆ ಪೂರ್ತಿ ನೀನು ಹೇಗೆ ಇದ್ದೆಯೋ."

ಅವಳು ಕ್ಷೌರದ ಕತ್ತಿಯನ್ನು ನೀರಿನಲ್ಲಿ ಅದ್ದಿದಳು. "ದಿನಾ ಟ್ರಕ್ಕಿನ ಸದ್ದು ಕೇಳೋವರೆಗೂ ಬಾಗಿಲಲ್ಲೇ ನಿಂತಿರ್ತಿದ್ದೆ," ಅಂದಳು. "ಎರಡು ಬಾಗಿಲೂ ತೆರೆದು ಇಬ್ಬರೂ ಇಳಿಯೋದು ಕಂಡ ಮೇಲೇ ಅನ್ನಕ್ಕೆ ನೀರಿಡ್ತಿದ್ದೆ."

ಅವನು ಕಣ್ಣು ತೆರೆದು ಅವಳನ್ನೇ ನೋಡಿದ. ಎಡಗೈ ಎತ್ತಿ ಅವಳ ಕೆನ್ನೆ ಮುಟ್ಟಿದ. ಸೋಪು ಅಲ್ಲಿಗೂ ಹತ್ತಿತು.

ನವೆಂಬರಿನಲ್ಲಿ ಆ ಆಫೀಸು ಕಟ್ಟಡದ ಕೊನೆಯ ಗಾಜು ಕೂರಿಸುವ ದಿನ ಎವರಿಸ್ತೊನಿಗೆ ಹೊಲಿಗೆ ಬಿಚ್ಚಿದ ಕೈಯನ್ನು ಡಾಕ್ಟರಿಗೆ ತೋರಿಸುವುದಿತ್ತು. ತೋರಿಸಿ ಹೊರಬಂದಾಗ, "ಒಂದು ನಿಮಿಷ ನೋಡಿಕೊಂಡು ಹೋಗೋಣವಾ?" ಎಂದು ಲುಸೀಲಿಯಳೇ ಕೇಳಿದಳು. ಅವನು ಬೇಡವೆನ್ನಲಿಲ್ಲ.

ಕಾಲುದಾರಿಗೆ ಅಡ್ಡಲಾಗಿ ಹಳದಿ ಟೇಪು ಕಟ್ಟಿತ್ತು. ಆಫೀಸಿಗೆ ಹೋಗುವವರು ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದರು. ಡೆಲ್ಫಿನ ಅವರನ್ನು ಕಂಡಳು. "ಅಪ್ಪಾ, ಟೇಪಿನ ಆಚೆಯೇ ಇರಿ. ಇನ್ನೂ ಎರಡು ಹೆಜ್ಜೆ ಹಿಂದಕ್ಕೆ," ಎಂದು ಕೂಗಿದಳು. ಎವರಿಸ್ತೊ ಸುಮ್ಮನೆ ಹಿಂದಕ್ಕೆ ಸರಿದ.

ಗಾಜು ಎದ್ದಿತು. ಈ ತುದಿಯಲ್ಲಿ ಡೆಲ್ಫಿನ, ಎದುರು ತುದಿಯಲ್ಲಿ ಕೊಜೊ. ಅವಳ ಎಣಿಕೆಗೆ ನಾಲ್ವರೂ ಹೆಜ್ಜೆ ಇಟ್ಟರು. ಕೆಳಗಿನ ಅಂಚು ಚೌಕಟ್ಟಿನೊಳಗೆ ಕೂತಿತು, ಮೇಲಿನದು ನಿಧಾನಕ್ಕೆ ನೆಟ್ಟಗಾಯಿತು. ಲುಸೀಲಿಯ ಗಾಜನ್ನು ನೋಡಲೇ ಇಲ್ಲ, ಗಂಡನ ಮುಖ ನೋಡುತ್ತಿದ್ದಳು. ಅವನ ತುಟಿಗಳು ಅಲ್ಲಾಡುತ್ತಿದ್ದವು. ಪ್ರಾರ್ಥನೆಯೋ ಎಣಿಕೆಯೋ ಅವಳಿಗೆ ತಿಳಿಯಲಿಲ್ಲ.

ಪಟ್ಟಿಗಳನ್ನು ಬಿಗಿದು, ಸುತ್ತಲೂ ಕೈಯಾಡಿಸಿ ನೋಡಿದ ಮೇಲೆ ಡೆಲ್ಫಿನ ಕೈಗವಸು ಕಳಚುತ್ತ ಟೇಪಿನ ಬಳಿ ಬಂದಳು.

"ಹೇಗಿತ್ತು ಅಪ್ಪಾ?"

"ಚೆನ್ನಾಗಿತ್ತು. ಕೊಜೊ ಕಾಲು ಸ್ವಲ್ಪ ಹತ್ತಿರ ಹತ್ತಿರ ಇಟ್ಟುಕೊಳ್ತಾನೆ. ಗಾಳಿ ಜೋರಾಗಿದ್ದ ದಿನ ಕಷ್ಟ."

"ಅಲ್ಲೇ ಇದಾನಲ್ಲ, ಕರೀತೀನಿ. ನೀವೇ ಹೇಳಿ."

ಎವರಿಸ್ತೊ ಕೊಜೊ ಇದ್ದ ಕಡೆ ನೋಡಿದ. ಅವನೂ ಇವರ ಕಡೆ ನೋಡಿ, ಕರೆದಾರೇನೋ ಎಂದು ಅನುಮಾನಿಸುತ್ತ ನಿಂತಿದ್ದ. ಎವರಿಸ್ತೊ ದೂರದಿಂದಲೇ ಅವನಿಗೆ ತಲೆಬಾಗಿಸಿ ವಂದಿಸಿದ.

"ಬೇಡ," ಅಂದ ಮಗಳಿಗೆ. "ಅವನ ಮೇಸ್ತ್ರಿ ನೀನು. ನೀನೇ ಹೇಳು."

ಡೆಲ್ಫಿನ ಟೇಪಿನ ಮೇಲಿಂದಲೇ ಬಾಗಿ ಅಪ್ಪನ ಕೋಟಿನ ಕಾಲರು ಸರಿಮಾಡಿದಳು. ಆಮೇಲೆ ಹೆಲ್ಮೆಟ್ ಒತ್ತಿಕೊಂಡು ಕೊಜೊನ ಕಡೆ ಹೋದಳು.

"ನಡಿ," ಎಂದು ಎವರಿಸ್ತೊ ಹೆಂಡತಿಗೆ ಹೇಳಿದ. "ಬೇಕರಿ ಕಡೆಯಿಂದ ಹೋಗೋಣ. ಅಮ್ಮನಿಗೆ ಸಿಹಿ ಬ್ರೆಡ್ ತಗೊಂಡು ಹೋಗದಿದ್ರೆ ಮನೆ ಒಳಗೆ ಬಿಡಲ್ಲ ಅವಳು."